ಎಂಟು ಥ್ರೆಡ್ಡಿನ ಡಬ್ಬವೂ ಅವರ ಸ್ವರವೂ

ನನ್ನ ಗಂಡ ಕಬಡ್ಡಿ ಪಂದ್ಯಗಳಲ್ಲಿ ಮೈಕ್ ಹಿಡಿದು ವೀಕ್ಷಕ ವಿವರಣೆ ಹೇಳುತ್ತಿದ್ದವರು. ಈಶ್ವರಮಂಗಲದಿಂದ ಕಡಬದವರೆಗೆ ಆ ಸ್ವರ ಗೊತ್ತಿಲ್ಲದವರಿರಲಿಲ್ಲ. ಆ ಗಂಟಲಿಗೇ ಕ್ಯಾನ್ಸರ್ ಬಂತು. ಸೋಮವಾರ ಸ್ವರಪೆಟ್ಟಿಗೆ ತೆಗೆಯುವುದೆಂದು ಡಾಕ್ಟರು ಹೇಳಿದರು.

ಮನುಷ್ಯನ ಸ್ವರವನ್ನು ಕಲಿತು, ಟೈಪ್ ಮಾಡಿದ್ದನ್ನು ಅದೇ ಸ್ವರದಲ್ಲಿ ಹೇಳುವ ಪ್ರೋಗ್ರಾಂ ಇದೆಯೆಂದು ನನಗೆ ಗೊತ್ತಿತ್ತು. ಪುತ್ತೂರಿನಲ್ಲಿ ಡಿಟಿಪಿ ಮಾಡಿಕೊಂಡಿರುವವಳು ನಾನು. ಮೈದಾನದ ರೆಕಾರ್ಡಿಂಗುಗಳಲ್ಲಿ ಬರೀ ಗಲಾಟೆ. ಹಾಗಾಗಿ ಅವರನ್ನು ಕೋಣೆಯಲ್ಲಿ ಕೂರಿಸಿ ಪೇಪರ್ ಓದಿಸಿ ರೆಕಾರ್ಡ್ ಮಾಡಿದೆ. ಭಾನುವಾರದೊಳಗೆ ಕಂಪ್ಯೂಟರ್ ಆ ಸ್ವರವನ್ನು ಕಲಿತು ಮುಗಿಸಿದರೆ ಕೇಳಿ ನೋಡಿ, ಸರಿಯಾಗದ್ದನ್ನು ಮತ್ತೆ ಹೇಳಿಸಬಹುದಿತ್ತು. ಆಮೇಲೆ ಹೇಳಿಸಲು ಸ್ವರವೇ ಇರುವುದಿಲ್ಲ.

"ಎಂಟು ಥ್ರೆಡ್ ಉಂಟು ಅಕ್ಕಾ, ಎಂಟು ಜನ ಒಟ್ಟಿಗೆ ಕೆಲ್ಸ ಮಾಡಿದ ಹಾಗೆ. ಪ್ರೋಗ್ರಾಮಿಗೆ ಎಂಟೂ ಕೊಟ್ಟುಬಿಡಿ," ಎಂದಿದ್ದ ಕಂಪ್ಯೂಟರ್ ಮಾರಿದವನು. ಕೊಟ್ಟೆ. ಫ್ಯಾನ್ ಬೊಬ್ಬೆ ಹೊಡೆಯಿತು, ಕೆಲಸ ಮಾತ್ರ ತೆವಳಿತು.

"ನಿನ್ನ ಡಬ್ಬ ಯಾವಾಗ ಮುಗಿಸುದು ಮಾರಾಯ್ತಿ? ನನ್ನ ಗಂಟಲು ಹೋದ ಮೇಲೆಯಾ?" ಎಂದು ಅವರು ನಕ್ಕರು.

"ನೀವೊಮ್ಮೆ ಸುಮ್ಮನೆ ಕೂತ್ಕೊಳ್ಳಿ ನೋಡುವ!" ಎಂದು ಗದರಿದೆ. ಸ್ವರ ಇದ್ದ ಕೊನೆಯ ಭಾನುವಾರ ಅವರಿಗೆ ಸುಮ್ಮನಿರಿ ಎಂದಿತಲ್ಲ, ಈ ಬಾಯಿಗಿಷ್ಟು ಮಣ್ಣು ಹಾಕ!

ಆ ಕಂಪ್ಯೂಟರಿನ ಪ್ರೊಸೆಸರಿನಲ್ಲಿ ನಿಜವಾಗಿ ಲೆಕ್ಕ ಮಾಡುವ ಕೋರ್ ಇದ್ದದ್ದು ನಾಲ್ಕೇ ಎಂದು ಅದೇ ಸಂಜೆ ಓದಿ ತಿಳಿದೆ. ಒಂದೊಂದು ಕೋರನ್ನು ಎರಡೆರಡು ಥ್ರೆಡ್ ಹಂಚಿಕೊಳ್ಳುತ್ತವೆ. ಒಂದು ಕಾಯುತ್ತ ಕೂತಾಗ ಇನ್ನೊಂದು ದುಡಿದರೆ ಲಾಭ. ಇಂಥ ಭಾರದ ಲೆಕ್ಕದಲ್ಲಿ ಯಾವುದೂ ಕಾಯುತ್ತ ಕೂರುವುದಿಲ್ಲ. ನಾಲ್ಕು ಒಲೆಗೆ ಎಂಟು ಅಡುಗೆಯವರು ನಿಂತರೆ ಸೌಟಿಗೆ ಸೌಟು ತಾಗುವುದಷ್ಟೇ. ನಾಲ್ಕಕ್ಕೆ ಇಳಿಸಿದೆ. ಅದೇ ಡಬ್ಬ ಓಡತೊಡಗಿತು. ಎಂತ ಪ್ರಯೋಜನ? ಕೆಲಸ ಮುಗಿಯುವಾಗ ಅವರು ಆಪರೇಷನ್ ಥಿಯೇಟರಿನೊಳಗಿದ್ದರು.

ಮನೆಗೆ ಬಂದ ಮೇಲೆ ಆ ಸ್ವರವನ್ನು ಅವರ ಮೊಬೈಲಿಗೆ ಹಾಕಿಕೊಟ್ಟೆ. ನೀರು ಬೇಕು, ನೋವಿದೆ, ಬಾಗಿಲು ಹಾಕು, ಎಲ್ಲವನ್ನೂ ಅವರ ಸ್ವರದಲ್ಲೇ ಹೇಳಿತು. ನನಗೆ ಅಳು ತಡೆಯಲಾಗಲಿಲ್ಲ, ಅಡುಗೆಮನೆಗೆ ಹೋದೆ. ಆಗ ಅವರು 'ಹೋಯ್' ಎಂದು ಟೈಪ್ ಮಾಡಿದರು. ಮದುವೆಯಾದಂದಿನಿಂದ ನನ್ನನ್ನು ಕರೆದದ್ದು ಹಾಗೆಯೇ, ಒಂದು ದಿನವೂ ಹೆಸರು ಹಿಡಿದಿಲ್ಲ. ಪೇಪರಿನಲ್ಲಿ ಎಲ್ಲಿಯಾದರೂ 'ಹೋಯ್' ಇರುತ್ತದೆಯೇ? ಮೊಬೈಲು ಅದನ್ನು ವಾರ್ತೆ ಓದುವವರ ಹಾಗೆ ಹೇಳಿತು. ಭಾನುವಾರವೇ ಮುಗಿದು ಇದನ್ನು ಕೇಳಿದ್ದರೆ, ರೆಕಾರ್ಡಿಗೆ ಒಂದೇ ಒಂದು ಸಲ ಕರೆಸಿಕೊಳ್ಳುತ್ತಿದ್ದೆ.

ಅವರು ಮತ್ತೊಮ್ಮೆ ಒತ್ತಿ ಕೇಳಿ, ಮೊಬೈಲನ್ನು ಮಗುಚಿ ಇಟ್ಟರು. ಈಗ ನನ್ನನ್ನು ಕರೆಯಬೇಕಾದರೆ ಲೋಟದಿಂದ ಮೇಜಿಗೆ ಬಡಿಯುತ್ತಾರೆ.