ಮಾರ್ಗರೆಟ ಸಿಸ್ಟರ್ ಅವರ ಸುಳ್ಳು ಡ್ಯೂಟಿ

ಬೀದರಿನಲ್ಲಿ ‘ಖಾಲಿ’ ಎಂಬ ಶಬ್ದಕ್ಕೆ ಹೆದರಬೇಕು. ಕೊಡ ಖಾಲಿ, ಬಸ್ಸು ಖಾಲಿ ಎಂದರೆ ಯಾರಿಗೂ ತ್ರಾಸಿಲ್ಲ. ಅದೇ ಶಬ್ದ ಮನುಷ್ಯನಿಗೆ ಅಂಟಿಕೊಂಡಿತೋ, ಮುಗಿಯಿತು. ಯಾರಾದರೂ ನಿಮ್ಮ ಬಾಗಿಲಲ್ಲಿ ನಿಂತು, “ಹ್ಯಾಂಗೂ ಖಾಲಿ ಅದೀರಲ್ರಿ” ಅಂದರೆ, ಆ ಗಳಿಗೆಯಿಂದ ನೀವು ಊರಿನ ಆಸ್ತಿ.

ಈ ಮಾತು ಮಾರ್ಗರೆಟಳಿಗೆ ಗೊತ್ತಾದದ್ದು ಗಂಡನ ದೆಸೆಯಿಂದ. ಯಾಕೋಬ ಮಾಸ್ತರರು ಮನ್ನಳ್ಳಿಯ ಶಾಲೆಯಲ್ಲಿ ಹೆಡ್‌ಮಾಸ್ತರರಾಗಿದ್ದು ಎರಡು ವರ್ಷದ ಹಿಂದೆ ನಿವೃತ್ತರಾದರು. ಶನಿವಾರ ಹಾರ ಹಾಕಿಸಿಕೊಂಡು ಬಂದರು. ಭಾನುವಾರ ಚರ್ಚಿನವರು ಉಸ್ತುವಾರಿ ನೋಡುವ ಸ್ಟೂವರ್ಡ್ ಮಾಡಿ ಕೈಗೆ ಬೀಗದ ಕೈಗಳ ಗೊಂಚಲು ಕೊಟ್ಟರು. ಬುಧವಾರದೊಳಗೆ ಸಂಡೇ ಸ್ಕೂಲು, ಶುಕ್ರವಾರದೊಳಗೆ ಸ್ಮಶಾನದ ಕಂಪೌಂಡ್ ಕಮಿಟಿ. ಓಣಿಯಲ್ಲಿ ಯಾರಿಗೆ ಅರ್ಜಿ ಬರೆಯಬೇಕಾದರೂ ಮಾಸ್ತರರೇ, ಯಾರ ಮದುವೆಯ ಕಾರ್ಡಿನ ಕಾಗುಣಿತ ನೋಡಬೇಕಾದರೂ ಮಾಸ್ತರರೇ. ನೌಕರಿ ಇದ್ದಾಗ ಸಂಜೆ ಐದಕ್ಕೆ ಮನೆ ಸೇರುತ್ತಿದ್ದ ಮನುಷ್ಯ ನಿವೃತ್ತಿಯ ಮೇಲೆ ಎಂಟಕ್ಕೆ ಬರತೊಡಗಿದರು. ಇಲ್ಲ ಎನ್ನುವ ಶಬ್ದ ಅವರ ಬಾಯಿಗೆ ಬರುತ್ತಿರಲಿಲ್ಲ.

ಮಾರ್ಗರೆಟ ಇದನ್ನೆಲ್ಲ ನೋಡುತ್ತಿದ್ದಳು. ಆಕೆ ಔರಾದಿನ ಸರ್ಕಾರಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಅಲ್ಲಿಗೆ ವರ್ಗವಾದ ಮೇಲೆ ಹತ್ತೊಂಬತ್ತು ವರ್ಷ ಬೀದರಿನಿಂದ ದಿನಾ ಬಸ್ಸಿನಲ್ಲಿ ಅಪ್-ಡೌನ್ ಮಾಡಿದವಳು. ವಯಸ್ಸು ಐವತ್ತಮೂರು. ಇನ್ನೂ ಏಳು ವರ್ಷ ಸರ್ವಿಸ್ ಇರುವಾಗಲೇ ಬಿಟ್ಟುಬಿಡಬೇಕು ಎಂದು ಆಕೆ ಮನಸ್ಸಿನಲ್ಲಿ ಎಂದೋ ಗಂಟು ಹಾಕಿಕೊಂಡಿದ್ದಳು. ಕಾಯಿಲೆಯಿಲ್ಲ, ಡಾಕ್ಟರ ಜೊತೆ ಜಗಳವಿಲ್ಲ. ಸಾಕಾಗಿತ್ತು, ಅಷ್ಟೇ. ಮಗಳು ನಿಷಾಳ ಮದುವೆಯಾಗಿ ಅವಳು ಅವಳ ಮನೆಯಲ್ಲಿ ಸುಖವಾಗಿದ್ದಳು. ಇನ್ನು ಯಾರಿಗಾಗಿ ನಸುಕಿನಲ್ಲಿ ಎದ್ದು ಓಡಬೇಕು?

ಔಷಧದ ಕಂಪನಿಯವರು ಪುಕ್ಕಟೆ ಕೊಟ್ಟ ಒಂದು ಡೈರಿಯಲ್ಲಿ ಆಕೆ ಆರು ವರ್ಷದಿಂದ ತನ್ನ ಯೋಜನೆ ಬರೆಯುತ್ತ ಬಂದಿದ್ದಳು. ಮಧ್ಯಾಹ್ನ ಊಟವಾದ ಮೇಲೆ ಎರಡು ತಾಸು ನಿದ್ದೆ. ಔರಾದಿನಲ್ಲಿ ಬಸ್ ಸ್ಟ್ಯಾಂಡಿನಿಂದ ಆಸ್ಪತ್ರೆಯ ರಸ್ತೆ ಬಿಟ್ಟರೆ ಬೇರೇನೂ ನೋಡಿಲ್ಲ, ಅದನ್ನು ನೋಡುವುದು. ಭಾಲ್ಕಿ ಸ್ಟೇಷನ್ನಿನಲ್ಲಿ ಬೆಂಚಿನ ಮೇಲೆ ಕೂತು, ಯಾವುದನ್ನೂ ಹತ್ತದೆ, ಬಂದು ಹೋಗುವ ರೈಲು ನೋಡುವುದು. ಮಿರ್ಚಿ ಭಜಿ ಬಿಸಿ ಇದ್ದಾಗಲೇ ತಿನ್ನುವುದು. ಕೊನೆಯ ಪುಟದಲ್ಲಿ ದಪ್ಪ ಅಕ್ಷರದಲ್ಲಿ, ‘ಯಾಕೋಬ: ಯಾರಿಗೂ ಹೇಳಬಾರದು’ ಎಂದು ಬರೆದು ಕೆಳಗೆ ಎರಡು ಗೀಟು ಎಳೆದಿದ್ದಳು.

ಯಾಕೆಂದರೆ ಅಪಾಯವೆಲ್ಲ ಅಲ್ಲಿಯೇ ಇತ್ತು. ಚರ್ಚಿನ ಸ್ತ್ರೀ ಸಂಘದ ಅಧ್ಯಕ್ಷೆ ಜೆಮಿಮಾ ಟೀಚರ್ ಒಂದು ವರ್ಷದಿಂದ ಸೆಕ್ರೆಟರಿಗಾಗಿ ಕಣ್ಣಲ್ಲಿ ಎಣ್ಣೆ ಹಾಕಿಕೊಂಡು ಹುಡುಕುತ್ತಿದ್ದಳು. ಮಾರ್ಗರೆಟ ಖಾಲಿ ಎಂದು ಅವಳ ಕಿವಿಗೆ ಬಿದ್ದರೆ, ವರದಿ ಬರೆಯುವುದು, ಮನೆಮನೆ ಭೇಟಿ, ಮೇಲಿಂದ ಓಣಿಯವರಿಗೆಲ್ಲ ಇಂಜೆಕ್ಷನ್ನು. ಆರು ವರ್ಷ ಕಾದು ಗಳಿಸಿದ ದಿನಗಳು ಒಂದೇ ವಾರದಲ್ಲಿ ಹಂಚಿಹೋಗುತ್ತಿದ್ದವು.

ಹೀಗಾಗಿ ಸ್ವಯಂ ನಿವೃತ್ತಿಯ ಆದೇಶ ಕೈಗೆ ಬಂದಾಗ ಆಕೆ ಆಸ್ಪತ್ರೆಯವರಿಗೆ ಕೈ ಮುಗಿದಳು. ಸನ್ಮಾನ ಬೇಡ, ಶಾಲು ಬೇಡ, ಫೋಟೋ ಅಂತೂ ಬೇಡವೇ ಬೇಡ. ಫೋಟೋ ಸಂಜೆಯೊಳಗೆ ವಾಟ್ಸಾಪ್ ಹತ್ತಿ ಬೀದರಿಗೆ ಬಂದುಬಿಡುತ್ತದೆ. ಮರುದಿನ ಏನು ಮಾಡಿದಳು ಗೊತ್ತೇ? ಎಂದಿನಂತೆ ಏಳೂವರೆಗೆ ಕಾಟನ್ ಸೀರೆ ಉಟ್ಟು, ಡ್ಯೂಟಿ ಬ್ಯಾಗು ಹೆಗಲಿಗೆ ಹಾಕಿ, ಗುಟ್ಟು ಬಲ್ಲ ಮಾಸ್ತರರು ಕಟ್ಟಿಕೊಟ್ಟ ಡಬ್ಬಿ ಹಿಡಿದು ಬಸ್ ಸ್ಟ್ಯಾಂಡಿಗೆ ಹೊರಟಳು!

ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆ ಆದ ಮೇಲೆ ಇನ್ನೇನು ಬೇಕು? ಆಧಾರ್ ಕಾರ್ಡು ತೋರಿಸಿದರೆ ಜಿಲ್ಲೆಯೆಲ್ಲ ಆಕೆಯದೇ. ಒಂದು ದಿನ ಔರಾದ, ಒಂದು ದಿನ ಭಾಲ್ಕಿ. ಭಾಲ್ಕಿಯ ಮಾರ್ಕೆಟ್ಟಿನ ಹಿಂದೆ ಪ್ರಮಿಲಾಬಾಯಿಯ ಮನೆ. ಅವರು ಮೊದಲು ಔರಾದಿನ ಆಸ್ಪತ್ರೆಯಲ್ಲೇ ಲ್ಯಾಬಿನಲ್ಲಿದ್ದವರು, ಅರ್ಧ ಮರಾಠಿ ಅರ್ಧ ಕನ್ನಡ ಮಾತಾಡುವ ಗಟ್ಟಿ ಹೆಂಗಸು. ಬಾಗಿಲು ತೆರೆದವರೇ, “ಯೇ ಗ ಮಾರ್ಗರೆಟ, ಫ್ಯಾನ್ ಹಚ್ಚೀನಿ, ಚಾಪಿ ಹಾಸೀನಿ, ಸುಮ್ನ ಬಿದ್ಕೋ” ಎನ್ನುತ್ತಿದ್ದರು. ಆಕೆ ಒಂದಕ್ಕೆ ಮಲಗಿ ಮೂರಕ್ಕೆ ಏಳುತ್ತಿದ್ದಳು. ಇಪ್ಪತ್ತೆಂಟು ವರ್ಷದ ಸರ್ವಿಸಿನಲ್ಲಿ ಕಳೆದುಕೊಂಡ ನಿದ್ದೆಯನ್ನು ಆ ಚಾಪೆಯ ಮೇಲೆ ಕಂತು ಕಂತಾಗಿ ವಸೂಲು ಮಾಡಿದಳು.

ಸಿಕ್ಕಿಬೀಳುವ ಪ್ರಸಂಗ ಬರಲಿಲ್ಲವೆಂದಲ್ಲ. ಒಂದು ದಿನ ಬೆಳಿಗ್ಗೆ ಹನ್ನೊಂದಕ್ಕೆ ಭಾಲ್ಕಿ ಸ್ಟೇಷನ್ನಿನ ಬೆಂಚಿನ ಮೇಲೆ ಕಾಲು ಚಾಚಿ ಸೀತಾಫಲ ತಿನ್ನುತ್ತ ಕೂತಿದ್ದಾಗ ಎದುರಿಗೆ ಜೆರೋಮ ಬಂದು ನಿಂತ. ಚರ್ಚಿನಲ್ಲಿ ಮಾಸ್ತರರ ಪಕ್ಕದಲ್ಲೇ ಕೂರುವವನು.

“ಸಿಸ್ಟರ್, ನಿಮ್ಮ ಡ್ಯೂಟಿ ಔರಾದಿನ್ಯಾಗ ಅಲ್ಲೇನ್ರಿ? ಇಲ್ಲ್ಯಾಕ ಕುಂತೀರಿ?”

ಮಾರ್ಗರೆಟ ಬೀಜ ಉಗುಳಿ, ಬಾಯಿ ಒರೆಸಿಕೊಂಡು, ಗಂಭೀರವಾಗಿ ಹೇಳಿದಳು: “ಡೆಪ್ಯುಟೇಶನ್.”

ಸರ್ಕಾರಿ ನೌಕರರ ಬಾಯಿಂದ ಈ ಶಬ್ದ ಬಂದ ಮೇಲೆ ಮುಂದೆ ಕೇಳುವವರು ಯಾರು? ಜೆರೋಮ ಪಾಪ, “ಭಾಳ ತ್ರಾಸ್ ಕೊಡ್ತಾರ್ರಿ ನಿಮಗ” ಎಂದು ಮರುಕ ತೋರಿಸಿ ಹೋದ. ಇನ್ನೊಮ್ಮೆ ಔರಾದಿನಲ್ಲಿ ಭಜಿ ಅಂಗಡಿಯ ಮುಂದೆ ಓಣಿಯವರೊಬ್ಬರು ಎದುರಾದಾಗ ಆಕೆ ಮೆಣಸಿನಕಾಯಿ ಕಚ್ಚಿಕೊಂಡೇ, “ಸರ್ವೆ ನಡದದ್ರಿ” ಅಂದಳು. ಯಾವುದರ ಸರ್ವೆ ಎಂದು ಅವರೂ ಕೇಳಲಿಲ್ಲ. ಇವೆಲ್ಲ ಸುಳ್ಳು, ಪಾಪ ಎಂದು ಆಕೆಗೆ ಗೊತ್ತಿತ್ತು. ಪ್ರತಿ ಶನಿವಾರ ವಾರದ ಸುಳ್ಳುಗಳನ್ನೆಲ್ಲ ಒಟ್ಟುಗೂಡಿಸಿ ಪ್ರಾರ್ಥನೆಯಲ್ಲಿ ಒಪ್ಪಿಸಿ, ಸೋಮವಾರ ಮತ್ತೆ ಶುರು ಮಾಡುತ್ತಿದ್ದಳು.

ರಾತ್ರಿ ಊಟಕ್ಕೆ ಕೂತಾಗ ಮಾಸ್ತರರ ಮುಂದೆ ಎಲ್ಲ ಹೇಳುವುದೇ ಇನ್ನೊಂದು ಮಜಾ. ಡೆಪ್ಯುಟೇಶನ್ ಕತೆ ಕೇಳಿ ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಬೆಳಿಗ್ಗೆ ಮತ್ತೆ ರೊಟ್ಟಿ, ಪುಂಡಿಪಲ್ಯ ಡಬ್ಬಿಗೆ ಹಾಕಿ ಕೊಡುವರು, ಆಕೆ ತಿರುವಿನಲ್ಲಿ ಮರೆಯಾಗುವವರೆಗೆ ಬಾಗಿಲಲ್ಲಿ ನಿಲ್ಲುವರು. ತನ್ನ ಗಂಡನಂಥ ಗಂಡ ಬೀದರಿನಲ್ಲಿ ಇನ್ನೊಬ್ಬನಿಲ್ಲ ಎಂದು ಆಕೆ ಪ್ರಮಿಲಾಬಾಯಿಯ ಮುಂದೆ ಹೊಗಳಿದ್ದೇ ಹೊಗಳಿದ್ದು.

ನಾಲ್ಕು ತಿಂಗಳು ಹೀಗೆ ಸುಸೂತ್ರವಾಗಿ ನಡೆಯಿತು. ಆಮೇಲೆ ಆ ಭಾನುವಾರ ಬಂತು.

ಅವರ ಚರ್ಚಿನಲ್ಲಿ ಒಂದು ಪದ್ಧತಿ. ಯಾರಿಗಾದರೂ ದೇವರಿಂದ ಉಪಕಾರವಾದರೆ ಒಂದು ಪಾಕೀಟಿನಲ್ಲಿ ಸ್ತೋತ್ರ ಕಾಣಿಕೆ ಇಟ್ಟು, ಮೇಲೆ ಹೆಸರು ಮತ್ತು ಕಾರಣ ಬರೆದು ತಟ್ಟೆಗೆ ಹಾಕುತ್ತಾರೆ. ಪಾಸ್ಟರ್ ಅಯ್ಯನವರು ಅದನ್ನು ಎಲ್ಲರೆದುರು ಗಟ್ಟಿಯಾಗಿ ಓದುತ್ತಾರೆ, ಸಭೆಯವರು ಆಮೆನ್ ಎನ್ನುತ್ತಾರೆ. ಅಂದು ಅಮೋಸ ಅಯ್ಯನವರು ಕನ್ನಡಕ ಸರಿಮಾಡಿಕೊಂಡು ಓದತೊಡಗಿದರು. ಜೆರೋಮನ ಬೋರ್‌ವೆಲ್ಲಿಗೆ ನೀರು ಬಿದ್ದದ್ದಕ್ಕೆ ಸ್ತೋತ್ರ. ಆಮೆನ್. ಒಬ್ಬರ ಮೊಮ್ಮಗಳು ಪಾಸಾದದ್ದಕ್ಕೆ ಸ್ತೋತ್ರ. ಆಮೆನ್. ಮೂರನೆಯ ಪಾಕೀಟಿನ ಅಕ್ಷರ ಮುತ್ತಿನಂತಿತ್ತು, ಅಯ್ಯನವರು ಎಲ್ಲೂ ತಡವರಿಸಲಿಲ್ಲ.

“ಯಾಕೋಬ ಮಾಸ್ತರರು. ತಮ್ಮ ಧರ್ಮಪತ್ನಿ ಮಾರ್ಗರೆಟ ಅವರು ಸ್ವಯಂ ನಿವೃತ್ತಿ ಪಡೆದು ನಾಲ್ಕು ತಿಂಗಳು ಸುಖವಾಗಿ ಕಳೆದದ್ದಕ್ಕಾಗಿ ದೇವರಿಗೆ ಸ್ತೋತ್ರ.”

ಆಮೆನ್ ಬರಲಿಲ್ಲ. ಹೆಂಗಸರ ಕಡೆಯ ಬೆಂಚುಗಳೆಲ್ಲ ಕಿರ್ರೆಂದವು, ತಲೆಗಳೆಲ್ಲ ಒಮ್ಮೆಲೇ ಹಿಂದಕ್ಕೆ ತಿರುಗಿದವು. ನಾಲ್ಕು ತಿಂಗಳು! ಮೊನ್ನೆ ಶುಕ್ರವಾರ ಡ್ಯೂಟಿ ಬ್ಯಾಗು ಹಾಕಿಕೊಂಡು ಹೋದದ್ದನ್ನು ಅವರೆಲ್ಲ ಕಣ್ಣಾರೆ ಕಂಡಿದ್ದರು. ಮಾರ್ಗರೆಟಳಿಗೆ ಬೆಂಚಿನ ಕೆಳಗೆ ಹೋಗಿ ಕೂರುವಷ್ಟು ನಾಚಿಕೆಯಾಯಿತು. ಏನೂ ಅರಿಯದ ಅಯ್ಯನವರು, “ದೇವರು ಇನ್ನು ಅವರ ಸಮಯವನ್ನು ತನ್ನ ಸೇವೆಗೆ ಬಳಸಿಕೊಳ್ಳಲಿ” ಎಂದು ಸೇರಿಸಿದರು. ಆಗ ಆಮೆನ್ ಬಂತು ನೋಡಿ, ಕಿಟಕಿ ನಡುಗುವ ಹಾಗೆ. ಅದರಲ್ಲಿ ಜೆಮಿಮಾ ಟೀಚರದೇ ಜೋರು.

ಆರಾಧನೆ ಮುಗಿದು ಅಂಗಳಕ್ಕೆ ಬರುವಷ್ಟರಲ್ಲಿ ಜೆಮಿಮಾ ಅಡ್ಡ ನಿಂತಿದ್ದಳು. “ಅಕ್ಕಾ, ಖಾಲಿ ಅದೀರಂತ ಒಂದ ಮಾತ ಹೇಳಬಾರದೇನ್ರಿ? ಬುಧವಾರ ಮೀಟಿಂಗ್ ಅದ. ಸೆಕ್ರೆಟರಿ ನೀವೇ ಮತ್ತ.” ಹಿಂದಿನಿಂದ ಜೆರೋಮ ಬಹಳ ವಿನಯದಿಂದ ಕೇಳಿದ: “ಸಿಸ್ಟರ್, ಡೆಪ್ಯುಟೇಶನ್ ಮುಗೀತೇನ್ರಿ?”

ಮನೆಗೆ ಬಂದವಳೇ ಮಾರ್ಗರೆಟ ಬ್ಯಾಗು ಎಸೆದಳು. ಮೈಯೆಲ್ಲ ಉರಿಯುತ್ತಿತ್ತು. “ಎದಕ್ಕ ಹಿಂಗ ಮಾಡಿದ್ರಿ? ಹೆಸರ ಯಾಕ ಬರದ್ರಿ? ‘ಒಬ್ಬ ವಿಶ್ವಾಸಿ’ ಅಂತ ಬರದ್ರ ದೇವ್ರಿಗೆ ಗೊತ್ತಾಗ್ತಿರ್ಲಿಲ್ಲೇನು?”

ಮಾಸ್ತರರು ಬೂಟಿನ ಲಾಡಿ ಬಿಚ್ಚುತ್ತ ಕೂತಿದ್ದರು. ತಲೆ ಎತ್ತಲಿಲ್ಲ.

“ದೇವ್ರಿಗೆ ಗೊತ್ತಾಗ್ತಿತ್ತು. ನಿನಗ ಗೊತ್ತಾಗ್ತಿರ್ಲಿಲ್ಲ.”

“ನನಗೇನ್ ಗೊತ್ತಾಗಬೇಕಾಗಿತ್ತು?”

“ನಾಕ ತಿಂಗಳಾತು ಮಾರ್ಗರೆಟ. ದಿನಾ ಡಬ್ಬಿ ಕಟ್ಟಿ ಕೊಡ್ತೇನಿ. ನೀ ಬಂದು ಕತಿ ಹೇಳ್ತಿ, ನಾ ನಗ್ತೇನಿ. ನೀವೂ ಬರ್ರಿ ಅಂತ ಒಂದ ದಿನಾ ಅಂದಿಯೇನ?”

ಮಾರ್ಗರೆಟಳಿಗೆ ಡೈರಿಯ ಪುಟಗಳು ಕಣ್ಣ ಮುಂದೆ ಬಂದವು. ಭಾಲ್ಕಿ ಇತ್ತು, ಔರಾದ ಇತ್ತು, ಮಧ್ಯಾಹ್ನದ ನಿದ್ದೆಯಿತ್ತು, ಭಜಿ ಕೂಡ ಇತ್ತು. ಗಂಡನ ಹೆಸರು ಒಂದೇ ಕಡೆ ಇತ್ತು, ಅದೂ ಬಾಯಿ ಮುಚ್ಚಿಕೊಂಡಿರಲಿ ಎಂದು. ಆಕೆಗೆ ಬಹಳ ಕೆಟ್ಟದೆನಿಸಿತು. ಸಿಟ್ಟೂ ಇಳಿಯಲಿಲ್ಲ.

“ಬರ್ತೇನಿ ಅಂತ ಬಾಯಿ ಬಿಟ್ಟು ಹೇಳಬಾರದೇನ್ರಿ? ಇಡೀ ಸಭಿಗಿ ಡಂಗುರ ಸಾರೋದು ಯಾವ ರೀತಿ? ನೀವು ಬಂದ್ರ ನಿಮ್ಮ ಫೋನೂ ಬರ್ತದ. ಫೋನ ಬಂದ್ರ ಆ ಕಮಿಟಿಯೋರೆಲ್ಲ ನಮ್ಮ ಜೋಡಿ ಬಸ್ ಹತ್ತತಾರ. ಅದಕ್ಕ ಕರೀಲಿಲ್ಲ ನಾ, ಖರೇ ಹೇಳ್ತೇನಿ.”

ಮಾಸ್ತರರು ಎದ್ದರು. ಜೇಬಿನಿಂದ ಫೋನು ತೆಗೆದು, ಬಂದ್ ಮಾಡಿ, ಅಡುಗೆಮನೆಗೆ ಹೋಗಿ ಜೋಳದ ಡಬ್ಬಿಯೊಳಗೆ ಇಟ್ಟು ಮುಚ್ಚಳ ಹಾಕಿದರು. “ಈಗ?” ಅಂದರು. ಅರವತ್ತೆರಡು ವರ್ಷದ ಆ ಮುಖದಲ್ಲಿ ಹೋಮ್‌ವರ್ಕ್ ಮಾಡದ ಹುಡುಗನ ಅಂಜಿಕೆ ಇತ್ತು. ಮಾರ್ಗರೆಟಳಿಗೆ ನಗು ತಡೆಯಲಾಗಲಿಲ್ಲ.

ಅಂದೇ ಸಂಜೆ ಆಕೆ ಜೆಮಿಮಾಳಿಗೆ ಫೋನು ಹಚ್ಚಿದಳು. ಈ ಸಲ ಸುಳ್ಳು ಹೇಳುವ ಮನಸ್ಸಾಗಲಿಲ್ಲ. “ಬುಧವಾರ ಬರಂಗಿಲ್ಲ ಟೀಚರ್. ನಾನೂ ಮಾಸ್ತರೂ ತಿರಗಾಡ್ಲಾಕ ಹೊಂಟೀವಿ.”

“ಎಷ್ಟ ದಿನ್ರಿ ಅಕ್ಕಾ?”

“ಮೊಣಕಾಲು ನೋಯೋ ತನಕ.”

ಈಗ ಬೈಗುಳ ಬರುತ್ತದೆ ಎಂದು ಮಾರ್ಗರೆಟ ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದಳು. ಜೆಮಿಮಾಳ ದನಿ ಮೆಲ್ಲಗೆ ಬಂತು: “ಅಕ್ಕಾ, ನನಗೂ ಇನ್ನಾ ಐದು ವರ್ಷ ಸರ್ವಿಸ್ ಅದರಿ. ಆ ಸ್ವಯಂ ನಿವೃತ್ತಿ ಅರ್ಜಿ ಹ್ಯಾಂಗ ಬರೀಬೇಕ್ರಿ?”

ಮಂಗಳವಾರ ಗಂಡ ಹೆಂಡತಿ ಭಾಲ್ಕಿಯ ಬಸ್ಸು ಹತ್ತಿದರು. ನಿಜ ಹೇಳಬೇಕೆಂದರೆ ಯಾಕೋಬ ಮಾಸ್ತರರ ಜೊತೆ ತಿರುಗಾಡುವುದು ಸುಲಭವಲ್ಲ. ಆಕೆಗೆ ಪುಕ್ಕಟೆ, ತನಗೆ ಟಿಕೀಟು ಎಂದು ಅರ್ಧ ದಾರಿಯವರೆಗೆ ಗೊಣಗಿದರು. ಉಳಿದರ್ಧ ದಾರಿ ಅಂಗಡಿಗಳ ಬೋರ್ಡು ಓದಿ ಒತ್ತಕ್ಷರದ ತಪ್ಪು ಹುಡುಕಿದರು. ಮಾರ್ಗರೆಟಳಿಗೆ ಒಮ್ಮೆ, ಇವರನ್ನು ಮನೆಯಲ್ಲೇ ಬಿಟ್ಟು ಬಂದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಸ್ಟೇಷನ್ನಿನ ಬೆಂಚಿನ ಮೇಲೆ ಕೂತ ಮೇಲೆ ಅವರು ಸುಮ್ಮನಾದರು. ಒಂದು ರೈಲು ಬಂದು ಹೋಯಿತು. ಇಬ್ಬರೂ ಹತ್ತಲಿಲ್ಲ.

ಅಷ್ಟರಲ್ಲಿ “ಸರ್! ಸರ್!” ಎಂದು ಒಬ್ಬ ಓಡಿ ಬಂದು ಮಾಸ್ತರರ ಕಾಲು ಮುಟ್ಟಿದ. ಹಾವಗೆಪ್ಪ. ಮನ್ನಳ್ಳಿಯಲ್ಲಿ ಅವರ ಹತ್ತಿರ ಕಲಿತವನು, ಈಗ ಭಾಲ್ಕಿಯಲ್ಲಿ ತಾನೇ ಮಾಸ್ತರನಾಗಿದ್ದ.

“ಸರ್, ದೇವ್ರ ಕಳಿಸ್ದಂಗ ಬಂದೀರಿ. ನಾಳಿ ನಮ್ಮ ಸಾಲ್ಯಾಗ ಹುಡುಗರ ಭಾಷಣದ ಸ್ಪರ್ಧಾ ಅದ. ನೀವೇ ಬಂದು ನಂಬರ್ ಹಾಕಬೇಕ್ರಿ. ಗಾಡಿ ಕಳಿಸ್ತೇನಿ.”

ಹುಡುಗರು, ಕನ್ನಡ, ಭಾಷಣ! ಇದಕ್ಕೆ ಇಲ್ಲ ಎನ್ನುವ ಮನುಷ್ಯನೇ ಅಲ್ಲ. ಆಕೆ ಗಂಡನ ಮುಖ ನೋಡದೆ ಹಳಿಯ ಕಡೆ ಮುಖ ತಿರುಗಿಸಿ ಕೂತಳು.

ಮಾಸ್ತರರು ಎರಡು ಸಲ ಕೆಮ್ಮಿದರು. “ನಾಳಿ ಆಗಂಗಿಲ್ಲಪಾ ಹಾವಗೆಪ್ಪ. ನಾಳಿ ನಾವಿಬ್ರೂ ಔರಾದಿಗಿ ಹೋಗೋರದೀವಿ.”

“ಔರಾದಿನ್ಯಾಗ ಏನ್ ಕೆಲಸ್ರಿ ಸರ್?”

“ಏನೂ ಇಲ್ಲ,” ಅಂದರು ಯಾಕೋಬ ಮಾಸ್ತರರು. ಹೇಳಿದ ಮೇಲೆ ತಮ್ಮ ಮಾತಿಗೆ ತಾವೇ ಬೆರಗಾದವರಂತೆ ಹೆಂಡತಿಯ ಕಡೆ ನೋಡಿದರು. ಮಾರ್ಗರೆಟ ಸೀರೆಯ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಮೂವತ್ತು ವರ್ಷದ ಸಂಸಾರದಲ್ಲಿ ಆ ಮನುಷ್ಯನ ಮೇಲೆ ಆಕೆಗೆ ಅಷ್ಟು ಪ್ರೀತಿ ಎಂದೂ ಬಂದಿರಲಿಲ್ಲ.