ಬಚ್ಚಲ ಗುಂಡಿಯ ಕೆಸು

ಆ ಕೆಸುವಿನ ವಡಿಯನ್ನು ಮೊದಲು ಬಾಯಿಗೆ ಹಾಕಿಕೊಂಡವರು ಯಾರು ಎಂಬುದು ನನಗೆ ಖಾತ್ರಿ ಇಲ್ಲ. ನನ್ನ ತಂಗಿ ಎಂದೇ ಬಹಳ ದಿನ ನಂಬಿದ್ದೆ. ತಂಗಿ, ನಾನಲ್ಲ, ನನ್ನ ಅತ್ತಿ ಮೊದಲು ತಿಂದರು ಅನ್ನುತ್ತಾಳೆ. ಅವ್ವ ಆ ಹೊತ್ತಿಗೆ ಕಣ್ಣು ಮುಚ್ಚಿ ದೇವರನ್ನು ನೆನೆಯುತ್ತಿದ್ದಳಂತೆ. ಅಪ್ಪ ಹೊರಗೆ ಗಂಡಸರ ನಡುವೆ ಕೂತಿದ್ದ. ಆದರೂ ಎಲ್ಲವನ್ನೂ ಕಣ್ಣಾರೆ ಕಂಡವನಂತೆ ಹೇಳುತ್ತಾನೆ. ಕಲಬುರಗಿಯಲ್ಲಿ ಎಂ.ಎ. ಓದುವಾಗ ಬೇರೆಯವರ ಸಾಕ್ಷ್ಯವನ್ನು ಅನುಮಾನಿಸುವುದನ್ನು ಕಲಿತೆ. ಆಮೇಲೆ ಅದು ಚಟವಾಗಿ, ಈಗ ನನ್ನದನ್ನೂ ನಂಬಲಾಗುತ್ತಿಲ್ಲ. ಅನುಮಾನವಿಲ್ಲದೆ ಉಳಿದಿರುವುದು ಹೇಸಿಗೆಯೊಂದೇ. ಅದನ್ನು ಈಗ ನೆನೆದರೂ ನಾಲಿಗೆಯ ಬುಡದಲ್ಲಿ ನೀರು ಬರುತ್ತದೆ.

ಅಫಜಲಪುರದ ನಮ್ಮ ಮನೆಯ ಹಿತ್ತಲಲ್ಲಿ, ಬಚ್ಚಲ ನೀರು ಹೊರಗೆ ಬೀಳುವ ಕಡೆ, ಅವ್ವ ಕೆಸು ಬೆಳೆಸುತ್ತಾಳೆ. ಆನೆಕಿವಿಯಂಥ ಎಲೆ. ಗಡ್ಡೆಯನ್ನು ಆಳಂದದ ತವರಿನಿಂದ, ಅಲ್ಲಿಯ ಬಚ್ಚಲ ಗುಂಡಿಯಿಂದಲೇ, ಕಿತ್ತು ತಂದಿದ್ದಳು. ನಮ್ಮ ಕಡೆ ಇದು ಎಲ್ಲರ ಮನೆಯ ರೂಢಿ. ಬಾವಿ ನೀರನ್ನು ಕೆಸುವಿಗೆ ಹಾಕಿದರೆ ದಂಡ ಎನ್ನುತ್ತಾರೆ. ಮೈ ತೊಳೆದ ನೀರು, ಸಾಬೂನಿನ ನೊರೆ, ತಲೆಗೂದಲು, ಅಪ್ಪ ಬೆಳಗಾದರೆ ಓಣಿಗೆಲ್ಲ ಕೇಳುವಂತೆ ಕ್ಯಾಕರಿಸಿ ಉಗುಳುವ ಕಫ, ಎಲ್ಲವೂ ಆ ಗುಂಡಿಗೇ ಹೋಗುತ್ತವೆ. ಮೇಲೆ ಬೂದಿ ಬಣ್ಣದ ಕೆನೆ. ಅದರ ಕೆಳಗೆ ಕಪ್ಪು ರಾಡಿ. ರಾಡಿಯಲ್ಲಿ ಬಾಲ ಬಡಿಯುವ ಹುಳ. ಆ ರಾಡಿಯಿಂದ ಎದ್ದ ಎಲೆ ಮಾತ್ರ ಒಂದು ಹನಿ ನೀರೂ ಅಂಟದಷ್ಟು ಚೊಕ್ಕ. ಅದನ್ನು ಕೊಯ್ದು, ಕಡಲೆಹಿಟ್ಟು ಹಚ್ಚಿ, ಸುರುಳಿ ಸುತ್ತಿ, ಬೇಯಿಸಿ, ಎಣ್ಣೆಯಲ್ಲಿ ಕರಿದು ಬಾಯಿ ಚಪ್ಪರಿಸುತ್ತಾರೆ. ನಾನು ಬುದ್ಧಿ ಬಂದಾಗಿನಿಂದ ತಿಂದಿರಲಿಲ್ಲ. ಅಪ್ಪನ ಕಫವನ್ನು ಹಿಟ್ಟಿನಲ್ಲಿ ಹೊರಳಿಸಿದಂತೆ ಕಾಣುತ್ತದೆ.

ತಂಗಿ ಜೇವರ್ಗಿಗೆ ಸೊಸೆಯಾಗಿ ಹೋದವಳು. ಮೊದಲ ಬಸಿರು. ಏಳನೆಯ ತಿಂಗಳು ಹತ್ತಿರ ಬಂದರೂ ವಾಂತಿ ನಿಂತಿರಲಿಲ್ಲ. ಫೋನಿನಲ್ಲಿ ಅವಳ ದನಿ ಸಣ್ಣಗಾಗುತ್ತಾ ಬಂದಿತ್ತು.

"ಯಾವ ವಾಸನಿನೂ ಹಿಡಸವಲ್ತು ಅವ್ವಾ. ನಮ್ಮನಿ ಕೆಸುವಿನ ವಡಿ ಒಂದು ತಿನಬೇಕನಸ್ತದ."

"ಕುಬಸದ ಬುತ್ತಿಗೆ ತರ್ತೇನಿ, ನನ ಕೂಸ. ಅದನ್ನ ತಿಂದು ನನ್ನ ಸಂಗ್ತಿನೇ ಬಂದಬಿಡು."

ಕುಬಸ ಎಂದರೆ ಏಳನೆಯ ತಿಂಗಳಲ್ಲಿ ತವರಿನವರು ಸೀರೆ, ಬಳೆ, ಬುತ್ತಿ ಹೊತ್ತು ಹೋಗಿ ಮಾಡುವ ಶಾಸ್ತ್ರ. ಅದು ಮುಗಿದರೆ ಬಸುರಿಯನ್ನು ಹೆರಿಗೆಗೆ ಕರೆತರಬೇಕು. ಆದರೆ ತಂಗಿಯ ಅತ್ತೆ ಆಗಲೇ ಅಡ್ಡ ಮಾತು ತೆಗೆದಿದ್ದಳು. ಜೇವರ್ಗಿಯಲ್ಲೇ ಒಳ್ಳೆಯ ದವಾಖಾನೆ ಇದೆ, ಅಷ್ಟು ದೂರ ಯಾಕೆ, ಅಂತ. ಮಗಳು ತನ್ನ ಕೈಯ ವಡಿ ತಿಂದು ದಕ್ಕಿಸಿಕೊಂಡರೆ ಯಾರೂ ತಡೆಯಲಾರರು ಎಂದು ಅವ್ವ ಹಟ ಹಿಡಿದಳು. ಇದರಲ್ಲಿ ಯಾವ ತರ್ಕ ಎಂದು ನಾನು ಕೇಳುತ್ತಿದ್ದಂತೆ ಎದ್ದು ಹಿತ್ತಲಿಗೆ ಗಿಡ ನೋಡಲು ಹೋದಳು.

ತೊಂದರೆ ಎಂದರೆ ಅದು ಎಳ್ಳಮಾಸಿಯ ಆಸುಪಾಸಿನ ಥಂಡಿಗಾಲ. ನಮ್ಮ ಸೀಮೆ ಬಿಸಿಲಿಗೆ ಹೆಸರಾದದ್ದು ನಿಜ. ಆದರೆ ಭೀಮೆಯ ಕಡೆಯಿಂದ ತಣ್ಣನೆಯ ಗಾಳಿ ಬೀಸುವ ಆ ಕೆಲವು ವಾರ ಕೆಸುವಿಗೆ ಸಾಕಾಗುತ್ತವೆ. ಎಲೆ ಹಳದಿಯಾಗಿ, ಒದ್ದೆ ಅರಿವೆಯಂತೆ ದಂಟಿಗೆ ಜೋತುಬೀಳುತ್ತದೆ, ದಂಟು ಲೋಳೆಯಾಗುತ್ತದೆ. ಅಂಥದ್ದೊಂದನ್ನು ಕಿತ್ತು ಎಸೆಯಲು ಅವ್ವ ನನಗೆ ಹೇಳಿದಳು. ಹಿಡಿದ ಕೂಡಲೇ ಅದು ನನ್ನ ಮುಷ್ಟಿಯಲ್ಲಿ ಕರಗಿತು. ಮೂರು ಸಲ ಕೈ ತೊಳೆದರೂ ಹಳಸಿದ ವಾಸನೆ ಹೋಗಲಿಲ್ಲ, ಅಂಗಿಯ ತೋಳಿಗೆ ಬಿದ್ದ ಕಂದು ಕಲೆಯಂತೂ ಇವತ್ತಿಗೂ ಹೋಗಿಲ್ಲ.

ಅವ್ವ ಗಿಡ ಉಳಿಸಿದ ರೀತಿ ಹೀಗೆ. ಹೊತ್ತು ಇಳಿಯುವ ಮುಂಚೆ ಗಿಡದ ಸುತ್ತ ಜೋಳದ ಕಣಿಕೆ ನಿಲ್ಲಿಸಿ ಗೋಣಿಚೀಲ ಹೊದಿಸುವುದು, ಬಿಸಿಲು ಏರಿದ ಮೇಲೆ ತೆಗೆಯುವುದು. ಬೆಳಿಗ್ಗೆ ಮನೆಯವರೆಲ್ಲ ಬಿಸಿನೀರಿನಲ್ಲೇ ಜಳಕ ಮಾಡಬೇಕು, ಒಬ್ಬರ ಹಿಂದೆ ಒಬ್ಬರು ಅಲ್ಲ, ಬಿಟ್ಟು ಬಿಟ್ಟು, ಗುಂಡಿ ಆರದ ಹಾಗೆ. ನಮ್ಮ ಮೈಯ ಕೊಳೆ ಬೆಚ್ಚಗಿರುವಾಗಲೇ ಬೇರಿಗೆ ಮುಟ್ಟಬೇಕು. ವರ್ಷವಿಡೀ ತಣ್ಣೀರು ಹೊಯ್ದುಕೊಳ್ಳುವ ಅಪ್ಪ ಗೊಣಗಿದ.

"ಏ ಬೇ, ನಾ ಜಳಕಾ ಮಾಡೂದು ದೇವರ ಸಲುವಾಗೋ ನಿನ್ನ ಗಿಡದ ಸಲುವಾಗೋ?"

"ದೇವರು ಬಿಸಿನೀರ ಕೇಳಂಗಿಲ್ಲ. ಗಿಡ ಕೇಳ್ತದ. ನಡೀರಿ ಒಳಗ."

ನಾನು ಸ್ನಾನಕ್ಕೆ ಕೂತರೆ ಗೋಡೆಯಾಚೆ ಅವ್ವ ಬಗ್ಗಿ ನಿಂತು, ನೀರು ಬಂತೋ ಇಲ್ಲವೋ ಎಂದು ಮೋರಿಯ ಬಾಯಲ್ಲಿ ಕೈ ಇಟ್ಟು ನೋಡುತ್ತಿದ್ದಳು. "ಇನ್ನೊಂದು ಚೊಂಬು ಹೊಯ್ಕೊಳಲೇ, ಆರಾಕತ್ತದ!" ಎಂದು ಕೂಗುತ್ತಿದ್ದಳು. ನನ್ನ ಬೆನ್ನಿನ ನೊರೆ ಅವಳ ಬೆರಳ ಸಂದಿಯಲ್ಲಿ ಹರಿಯುತ್ತಿರುವುದನ್ನು ಊಹಿಸಿಕೊಂಡು ನಾನು ಅರ್ಧಕ್ಕೇ ಎದ್ದು ಬರುತ್ತಿದ್ದೆ.

ಗಿಡ ಸಾಯಲಿಲ್ಲ. ಆದರೆ ಕುಬಸದ ಹೊತ್ತಿಗೆ ಅದರಲ್ಲಿದ್ದದ್ದು ಅಂಗೈಯಗಲದ ಕೆಲವು ಎಲೆ ಮಾತ್ರ. ಅಷ್ಟರಲ್ಲಿ ಹುಣ್ಣಿಮೆಗೆ ಗಾಣಗಾಪುರಕ್ಕೆ ಹೋಗಿದ್ದ ಅಪ್ಪ, ತಾನು ಇಳಿದುಕೊಂಡ ಲಾಡ್ಜಿನ ಹಿಂದಿನ ಅಂಗಳದಿಂದ ಒಂದು ಹೊರೆ ಎಲೆ ಕೊಯ್ದುಕೊಂಡು ಬಂದ. ಒಂದೊಂದರ ಮೇಲೆ ಕೂಸನ್ನು ಮಲಗಿಸಬಹುದಿತ್ತು. ಎಣ್ಣೆ ಒರೆಸಿದಂಥ ಹೊಳಪು. ಚೊಕ್ಕ ಗುಡಿಸಿದ ಅಂಗಳದ ಕುಂಡಗಳಲ್ಲಿ ಇದ್ದವಂತೆ. ಬಚ್ಚಲ ವಾಸನೆ ಇಲ್ಲದ ಕೆಸು ನಾನು ಕಂಡದ್ದು ಅದೇ ಮೊದಲು.

ಅವ್ವ ಎಲೆಯನ್ನು ಹೊರಳಿಸಿ ಹೊರಳಿಸಿ ನೋಡಿದಳು. "ಇದು ನಮ್ಮದರ ಜಾತಿನೇ ಏನ್ರಿ?"

"ಅದು ಸಣ್ಣ ಆನಿ ಕಿವಿ, ಇದು ದೊಡ್ಡ ಆನಿ ಕಿವಿ. ಅಷ್ಟ ಫರಕ. ಸುತ್ತು ಸುಮ್ಮ."

ನಮ್ಮ ಎಲೆ ಒಳಗೆ, ಗಾಣಗಾಪುರದ ಎಲೆ ಹೊರಗೆ ಇಟ್ಟು ಅವ್ವ ಸುತ್ತಿದಳು. ಹುಣಸೆ ರಸವನ್ನು ಧಾರಾಳವಾಗಿ ಹಾಕಿದಳು. ಕರಿಯುವಾಗ ಉಪ್ಪು ಖಾರ ನೋಡಲೇ ಎಂದು ಕೇಳಿದೆ. ತಿನ್ನುವ ಆಸೆಯಿಂದಲ್ಲ, ಯಾರಾದರೂ ನೋಡಬೇಕಲ್ಲ ಎಂದು.

"ಕೈ ತಗಿ. ಮೀಸಲದ."

ಮೀಸಲು ಎಂದರೆ ಬಸುರಿ ಉಣ್ಣುವ ಮುಂಚೆ ಆ ಬುತ್ತಿಯನ್ನು ಯಾರೂ ರುಚಿ ನೋಡಬಾರದು. ವಾಸನೆಯೂ ಮೂಗಿಗೆ ತಾಗದಿರಲಿ ಎಂದು ಅವ್ವ ಸೆರಗನ್ನು ಮೂಗಿಗೆ ಸುತ್ತಿಕೊಂಡೇ ಕರಿದಳು. ಹೀಗೆ, ಯಾರ ನಾಲಿಗೆಯ ಮೇಲೂ ಹಾಯದೆ, ಆ ಡಬ್ಬಿ ಜೇವರ್ಗಿ ಮುಟ್ಟಿತು.

ಪಡಸಾಲೆಯಲ್ಲಿ ಹೆಂಗಸರು ತುಂಬಿದ್ದರು, ಡಬ್ಬಿ ಹೊತ್ತು ತಂದ ನಾನು ಬಾಗಿಲ ಬದಿಗೆ ಕೂತೆ. ತಂಗಿ ಹಸಿರು ಸೀರೆಯಲ್ಲಿ, ಕೆನ್ನೆ ಒಳಗೆ ಹೋಗಿ, ಕೂತಿದ್ದಳು. ತಟ್ಟೆ ಮುಂದೆ ಬಂತು. ಆಮೇಲಿನದು ನನ್ನಲ್ಲಿ ತುಂಡು ತುಂಡಾಗಿದೆ. ಯಾರೋ "ಅಯ್ಯ!" ಎಂದರು. ತಂಗಿಯ ಅತ್ತೆ ಎರಡು ಬೆರಳಿನಿಂದ ನಾಲಿಗೆ ಹೊರಗೆಳೆದು ಸೆರಗಿನಿಂದ ಉಜ್ಜುತ್ತಿದ್ದಳು. ಇನ್ನೊಬ್ಬ ಮುದುಕಿಯ ಬಾಯಿಂದ ಜೊಲ್ಲು ಎಳೆ ಎಳೆಯಾಗಿ ಆರತಿ ತಟ್ಟೆಗೆ ಇಳಿಯುತ್ತಿತ್ತು. ಅಗಿದ ವಡಿಯ ಹಸಿರು ಮುದ್ದೆಗಳು ಚಾಪೆಯ ಮೇಲೆ. ತಂಗಿ ಬಗ್ಗಿ ಮಡಿಲಿಗೇ ಕಾರಿಕೊಂಡಳು. ಗಂಟಲಲ್ಲಿ ಸೂಜಿ ಚುಚ್ಚಿದ ಹಾಗೆ ಎಂದು ಎಲ್ಲರೂ ಕೂಗುತ್ತಿದ್ದರು. ನನ್ನ ಗಂಟಲೂ ತುರಿಸಿತು, ನಾನು ತಿಂದಿರಲೇ ಇಲ್ಲ. ಬೆಲ್ಲ ತಂದರು, ಮೊಸರು ತಂದರು. ಒಂದೇ ಬಟ್ಟಲಿಗೆ ಎಲ್ಲರೂ ಬಾಯಿ ಹಚ್ಚಿದರು. ಆ ಬಟ್ಟಲಿನ ಅಂಚು ಕಣ್ಣಿಗೆ ಬಿದ್ದು ನಾನು ಎದ್ದು ಹೊರಗೆ ಹೋದೆ.

ದವಾಖಾನೆಯಲ್ಲಿ ತಂಗಿಯನ್ನೂ ಹೊಟ್ಟೆಯ ಕೂಸನ್ನೂ ನೋಡಿ ಏನೂ ತೊಂದರೆಯಿಲ್ಲ ಎಂದರು. ಸಂಜೆಗೆ ಎಲ್ಲರ ಉರಿಯೂ ಇಳಿಯಿತು. ನಾಲಿಗೆಯ ಬಾವು ಇಳಿದ ಮೇಲೆ ತಂಗಿಯ ಅತ್ತೆ, ನಮ್ಮ ಬೀಗತಿ, ಮಾತು ಎತ್ತಿಕೊಂಡಳು.

"ಬಚ್ಚಲದಾಗ ಬೆಳದದ್ದ ಬಸರಿ ಬಾಯಿಗೆ ಇಟ್ಟೀರಲ್ರಿ! ನಿಮ್ಮಲ್ಲಿ ಬಾಣಂತನ ಅಂದ್ರ ಮೋರಿ ದಂಡಿಗೇ ತೊಟ್ಟಲಾ ಕಟ್ತೀರೇನು? ನಾ ಕಳಸಂಗಿಲ್ಲ."

ಅವ್ವ ಖಾಲಿ ಡಬ್ಬಿ ಹಿಡಿದು ಬಸ್ಸು ಹತ್ತಿದಳು. ಮರುದಿನದಿಂದ ತಣ್ಣೀರು ಸ್ನಾನ ಶುರುಮಾಡಿದಳು. ಗೋಣಿಚೀಲ ಹೊದಿಸುವುದನ್ನು ಬಿಟ್ಟಳು. ಗಿಡಕ್ಕೆ ಕೊಟ್ಟ ಶಿಕ್ಷೆ ಅದು. ಉಳಿದಿದ್ದ ಎಲೆಗಳೂ ಒಂದೊಂದಾಗಿ ರಾಡಿಗೆ ಬಿದ್ದು ಕೊಳೆಯತೊಡಗಿದವು. ಅವುಗಳ ಮೇಲೆ ನೊಣ. ಅಪ್ಪ ಮಾತ್ರ ತನ್ನ ಎಲೆಯದು ತಪ್ಪಿಲ್ಲ, ಅವು ಚೊಕ್ಕ ಜಾಗದವು ಎಂದು ಸಾಧಿಸುತ್ತಿದ್ದ. ಬೀಗತಿಯ ಮಾತೂ ಅದೇ. ಚೊಕ್ಕದ್ದು ಒಳ್ಳೆಯದು, ಹೊಲಸಿನದ್ದು ಕೆಟ್ಟದ್ದು. ನಾನೂ ಹಾಗೇ ಯೋಚಿಸುವವನು ಎಂದು ಹೊಳೆದು ನನಗೆ ನನ್ನ ಬಗ್ಗೆಯೇ ವಾಕರಿಕೆ ಬಂತು.

ಕೊನೆಗೆ ಗುಂಡಿಯಲ್ಲಿ ಕೊಳೆಯದೆ ಉಳಿದಿದ್ದ ಒಂದೇ ಒಂದು ಎಳೆ ಎಲೆಯನ್ನು ನಾನೇ ಕೊಯ್ದೆ. ಅವ್ವನಿಗೆ ಹೇಳಿ ವಡಿ ಮಾಡಿಸಿದೆ. ಉಸಿರು ಬಿಗಿಹಿಡಿದು ತಿಂದೆ. ರುಚಿ ಗೊತ್ತಾಗಲಿಲ್ಲ, ಸಾಬೂನಿನ ನೊರೆಯೇ ನೆನಪಿಗೆ ಬರುತ್ತಿತ್ತು. ಗಂಟಲು ತುರಿಸಲಿಲ್ಲ. ತುರಿಸಬಾರದೆಂದು ನಾನೇ ಬಯಸಿದ್ದರಿಂದ ತುರಿಸಲಿಲ್ಲವೋ ಏನೋ. ಅಷ್ಟನ್ನೇ ಹಿಡಿದುಕೊಂಡು ಜೇವರ್ಗಿಗೆ ಹೋಗಿ ಬೀಗತಿಯ ಮುಂದೆ ಕೂತು ಹೇಳಿದೆ.

"ತುರಿಸಿದ್ದು ಲಾಡ್ಜಿನ ಎಲಿ ಇರಬೇಕ್ರಿ. ನಮ್ಮದನ್ನ ನಾ ತಿಂದು ನೋಡೇನಿ."

"ಇರಬೇಕು ಅಂತೀರಿ. ಓದಿದವರು ನೀವು, ಗಟ್ಟಿ ಹೇಳ್ರಿ."

ಗಟ್ಟಿ ಹೇಳಲಾಗಲಿಲ್ಲ.

"ಮತ್ತ ಎಲಿ ಯಾವುದಾದ್ರೇನ್ರಿ, ಮೋರಿ ಅದೇ ಅಲ್ಲೇನು?"

ಒಳಗಿನಿಂದ ತಂಗಿ ಚೀಲ ಹಿಡಿದು ಬಂದಳು. ಯಾವಾಗ ತುಂಬಿಟ್ಟುಕೊಂಡಿದ್ದಳೋ ತಿಳಿಯದು. "ಹೌದ್ರಿ ಅತ್ತಿ, ಮೋರಿ ಅದೇ. ಅದರ ಬಾಜೂಕನ ನಾ ಬೆಳದೇನಿ. ಹೋಗಿ ಬರ್ತೇನಿ."

ಬೀಗತಿ ಸೊಸೆಯ ಹೊಟ್ಟೆಯನ್ನೂ ಚೀಲವನ್ನೂ ನೋಡಿದಳು. "ಹೋಗವ್ವ, ಹೋಗು. ತುರಿಸ್ಕೊಂಡು ಬಾ" ಎಂದು ಅಡುಗೆಮನೆಗೆ ಎದ್ದುಹೋದಳು. ಬಸ್ಸಿನಲ್ಲಿ ತಂಗಿ ನನ್ನ ಭುಜಕ್ಕೆ ಒರಗಿ, ಮೊದಲು ತಿಂದದ್ದು ಅತ್ತೆಯೇ ಎಂದು ಮತ್ತೆ ಹೇಳಿದಳು. ಆಗ ನಂಬಿದೆ, ಈಗ ಇಲ್ಲ. ಹೆಣ್ಣು ಕೂಸು ನಮ್ಮ ಮನೆಯಲ್ಲೇ ಹುಟ್ಟಿತು. ಬಾಣಂತಿಗೆ ಎರೆಯುವ ನೀರು ದಿನಾಲೂ ಅದೇ ಗುಂಡಿಗೆ ಹೋಗಿ, ಗಡ್ಡೆ ಮತ್ತೆ ಚಿಗುರಿತು. ಅವ್ವ, ತಂಗಿ ವಡಿ ತಿಂದರು. ನಾನು ಎದ್ದುಹೋದೆ.

ಎಲೆಗಳು ದೊಡ್ಡವಾದ ಮೇಲೆ ಗಾಣಗಾಪುರಕ್ಕೆ ಹೋಗಿ ಆ ಲಾಡ್ಜಿನ ಹಿಂದಿನ ಕುಂಡಗಳ ಎಲೆಗಳನ್ನು ಒಂದೊಂದಾಗಿ ಮಗುಚಿ ನೋಡಿದೆ. ಮನೆಗೆ ಬಂದು ಗುಂಡಿಯ ಅಂಚಿಗೆ ಕೂತು ನಮ್ಮವನ್ನೂ ನೋಡಿದೆ, ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವವರಿಗೂ ಎರಡನ್ನೂ ತೋರಿಸಿದೆ. ನಮ್ಮ ಕೆಸುವಿನ ದಂಟು ಎಲೆಯ ಅಂಚಿಗಲ್ಲ, ಬೆನ್ನಿನ ಒಳಭಾಗಕ್ಕೆ ಅಂಟಿಕೊಂಡಿರುತ್ತದೆ. ಲಾಡ್ಜಿನ ಗಿಡದಲ್ಲಿ ಅದು ಎಲೆ ಸೀಳಿದ ಸಂದಿಯ ಅಂಚಿಗೇ ಬಂದು ಸೇರುತ್ತದೆ; ಅದು ಚೆಂದಕ್ಕೆಂದು ಬೆಳೆಸುವ, ತಿಂದರೆ ಗಂಟಲು ತುರಿಸುವ ಜಾತಿ. ಅವೆರಡೂ ಬೇರೆ ಬೇರೆ ಗಿಡ.