ಚಿಕ್ಕಮ್ಮನ ಐದನೇ ಗೇರು

ಡ್ರೈವಿಂಗ್ ಕಲಿಸುವ ನಮ್ಮ ಚಿಕ್ಕಮ್ಮನಿಗೆ ಲೈಸೆನ್ಸ್ ಪಡೆದ ಮೇಲೆ ಕಾರು ಓಡಿಸುವ ಅವಕಾಶವೇ ಸಿಕ್ಕಿರಲಿಲ್ಲ ಎಂದರೆ ಯಾರೂ ನಂಬುವುದಿಲ್ಲ. ಇಪ್ಪತ್ತಾರು ವರ್ಷ ಅವಳು ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಎಡಗಡೆ ಸೀಟಿನಲ್ಲೇ ಕೂತವಳು. ಆ ಸೀಟಿನ ಕಾಲಬುಡದಲ್ಲೂ ಒಂದು ಬ್ರೇಕು, ಒಂದು ಕ್ಲಚ್ಚು ಇರುತ್ತವೆ. ಆಕ್ಸಿಲರೇಟರ್ ಮಾತ್ರ ಇರುವುದಿಲ್ಲ. ಕಲಿಯುವವರು ಗಾಬರಿಯಾದಾಗ ನಿಲ್ಲಿಸುವುದಷ್ಟೇ ಅವಳ ಕೆಲಸ. ಗೇರ್ ಹಾಕಲು ತಡವರಿಸುವ ಕೈಯ ಮೇಲೆ ತನ್ನ ಬಲಗೈ ಇಟ್ಟು, "ಹೆದರ್ಬೇಡಿ, ಪಕ್ಕದಲ್ಲಿ ನಾನಿದ್ದೀನಲ್ಲ" ಅನ್ನುತ್ತಿದ್ದಳು. ಡಾಕ್ಟರು, ದರ್ಜಿ, ಮೇಷ್ಟ್ರು, ಆಮೇಲೆ ಅವರ ಮಕ್ಕಳು, ಎಲ್ಲರೂ ಈ ಮಾತು ಕೇಳಿಕೊಂಡೇ ಲೈಸೆನ್ಸ್ ತೆಗೆದುಕೊಂಡವರು. ಅವರೆಲ್ಲ ಸ್ವಂತ ಕಾರು ಕೊಂಡು ಭರ್ರನೆ ಹೋದರು. ಚಿಕ್ಕಮ್ಮ ಮಾತ್ರ ದಿನಾ ಸಂಜೆ ಕೊನೆಯ ಶಿಷ್ಯರ ಕೈಯಲ್ಲೇ ಸ್ಕೂಲಿನ ಗಾಡಿಯನ್ನು ಶೆಡ್ಡಿಗೆ ಬಿಡಿಸಿ ಬಸ್ಸು ಹತ್ತುತ್ತಿದ್ದಳು.

ಗಾಡಿ ಊರಿನ ಗಡಿ ದಾಟಬಾರದು ಎಂಬುದು ಸ್ಕೂಲಿನ ಯಜಮಾನರ ಕಟ್ಟುನಿಟ್ಟು. ಊರೊಳಗಿನ ಗಿಜಿಗಿಜಿಯಲ್ಲಿ ಮೂರನೇ ಗೇರಿಗೆ ಹೋಗುವುದೇ ದೊಡ್ಡದು. "ಐದನೇ ಗೇರು ಅನ್ನೋದನ್ನ ನಾನು ಗೋಡೆ ಮೇಲಿನ ಚಿತ್ರದಲ್ಲಿ ತೋರಿಸಿದ್ದೇ ಬಂತು ಕಣೇ. ಒಂದ್ಸಲ, ಒಂದೇ ಒಂದ್ಸಲ ನಾನೇ ಹಾಕಿ ನೋಡ್ಬೇಕು" ಎಂದು ನನ್ನ ಹತ್ತಿರ ಹೇಳಿದ್ದಳು. ಹೇಳಿದ್ದು ನಗುನಗುತ್ತಲೇ.

ಹಾಗಾಗಿಯೇ, ಚಿಕ್ಕಮ್ಮ, ಚಿಕ್ಕಪ್ಪ, ನಾನು ಮೂವರೂ ಆರು ದಿನ ಹೊರದೇಶ ನೋಡಿ ಬರುವುದೆಂದು ನಿಶ್ಚಯವಾದಾಗ ಮನೆಯಲ್ಲಿ ಜಟಾಪಟಿ ಶುರುವಾಯಿತು. ನಾನು ಅವಳ ಅಕ್ಕನ ಮಗಳು, ಇಬ್ಬರ ನಡುವೆ ಸಿಕ್ಕಿಕೊಂಡವಳು. ಚಿಕ್ಕಪ್ಪ ಕನ್ನಡಕದ ಅಂಗಡಿಯಲ್ಲಿ ನಂಬರಿಗೆ ತಕ್ಕಂತೆ ಗಾಜು ಉಜ್ಜುವವರು. ಕೂದಲೆಳೆಯಷ್ಟು ವ್ಯತ್ಯಾಸವಾದರೂ ಮತ್ತೆ ಮೊದಲಿನಿಂದ ಉಜ್ಜುವ ಜನ. ಅವರು ಆ ದೇಶದ ರೈಲುಗಳ ವೇಳಾಪಟ್ಟಿಯನ್ನೆಲ್ಲ ಪ್ರಿಂಟ್ ಹಾಕಿಸಿಕೊಂಡು ಬಂದು ಊಟದ ಮೇಜಿನ ಮೇಲೆ ಹರಡಿದರು.

"ರೈಲಾದ್ರೆ ಕೂತು ಕಿಟಕಿ ನೋಡ್ಕೊಂಡು ಹೋಗಬಹುದು. ದಾರಿ ತಪ್ಪೋ ಭಯ ಇಲ್ಲ, ಪಾರ್ಕಿಂಗ್ ತಲೆನೋವಿಲ್ಲ."

"ರೈಲಲ್ಲೂ ಬೇರೆಯವರು ಓಡಿಸೋದು, ನಾನು ಪಕ್ಕದಲ್ಲಿ ಕೂರೋದು. ಅದಕ್ಕೆ ಅಷ್ಟು ದೂರ ಯಾಕ್ರೀ ಹೋಗ್ಬೇಕು? ನಾನು ಬಾಡಿಗೆ ಕಾರು ತಗೊಳ್ಳೋದೇ."

"ಅಲ್ಲಿ ಎಲ್ಲಾ ಉಲ್ಟಾ ಕಣೇ! ರಸ್ತೆ ಬಲಗಡೆ, ಸ್ಟೀರಿಂಗ್ ಎಡಗಡೆ."

ಚಿಕ್ಕಮ್ಮ ಇದೇ ಮಾತಿಗೆ ಕಾಯುತ್ತಿದ್ದಳು ಅನ್ನಿಸುತ್ತೆ. "ನಿಮಗೆ ಉಲ್ಟಾ. ಇಪ್ಪತ್ತಾರು ವರ್ಷದಿಂದ ನಾನು ಕೂತಿರೋದು ಎಡಗಡೆ, ಗೇರ್ ಹಾಕಿರೋದು ಬಲಗೈಲಿ. ಆ ದೇಶದವರು ನನ್ನ ಅಳತೆ ತಗೊಂಡೇ ಕಾರು ಮಾಡಿದ್ದಾರೆ, ತಿಳ್ಕೊಳ್ಳಿ!"

ನಾನು ಬಿದ್ದುಬಿದ್ದು ನಕ್ಕೆ. ಕೊನೆಗೆ ನಾಲ್ಕು ದಿನ ರೈಲು, ಉಳಿದೆರಡು ದಿನ ಕಾರು ಎಂದು ರಾಜಿಯಾಯಿತು. ವೀಸಾ ಕೈಗೆ ಬಂದ ದಿನವೇ ಚಿಕ್ಕಮ್ಮ ಹೊರದೇಶದಲ್ಲಿ ಗಾಡಿ ಓಡಿಸುವ ಪರ್ಮಿಟ್ಟಿಗೆ ಅರ್ಜಿ ಹಾಕಿಯಾಗಿತ್ತು. ಕಾರು ಬುಕ್ ಮಾಡುವ ಕೆಲಸ ನನ್ನ ಪಾಲಿಗೆ ಬಂತು.

ರೈಲೇನೋ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಚಿಕ್ಕಪ್ಪ ಕಿಟಕಿಗೆ ಮೂಗು ಒತ್ತಿ ಕೂತು ಮಗುವಿನ ಹಾಗೆ ಖುಷಿಪಟ್ಟರು. ಚಿಕ್ಕಮ್ಮ ಮಾತ್ರ ಪ್ರತಿ ಸ್ಟೇಷನ್ ಹತ್ತಿರವಾದಾಗಲೂ ಬ್ರೇಕ್ ತುಳಿದ ಹಾಗೆ ಬಲಗಾಲಿನಿಂದ ನೆಲವನ್ನು ಮೆಲ್ಲನೆ ಒತ್ತುತ್ತಿದ್ದಳು. ರೈಲು ನಿಂತ ಮೇಲೇ ಕಾಲು ಸಡಿಲ ಬಿಡುವಳು.

ಐದನೆಯ ದಿನ ಬೆಳಿಗ್ಗೆ ಬಾಡಿಗೆ ಕಾರಿನ ಆಫೀಸಿಗೆ ಹೋದೆವು. ಕೌಂಟರಿನ ಹುಡುಗಿ ಬೀಗದ ಕೈ ಕೊಟ್ಟಳು. ಹೊರಗೆ ಬಿಳಿ ಕಾರು ಥಳಥಳ ಹೊಳೆಯುತ್ತಿತ್ತು. ಚಿಕ್ಕಮ್ಮ ಬಾಗಿಲು ತೆಗೆದು ಒಳಗೆ ನೋಡಿ ಹಾಗೇ ನಿಂತುಬಿಟ್ಟಳು. ಆಟೋಮ್ಯಾಟಿಕ್! ಅವಳಿಗೆ ಸುಲಭವಾಗಲಿ ಎಂದು ನಾನೇ ಬುಕ್ ಮಾಡಿದ್ದೆ. ನನ್ನ ಬುದ್ಧಿಗೆ ಏನು ಬಡಿದಿತ್ತೋ.

"ಗೇರೇ ಇಲ್ವಲ್ಲೇ," ಎಂದಳು. ಅವಳ ಮುಖ ಅಷ್ಟು ಸಪ್ಪಗಾದದ್ದನ್ನು ನಾನು ಯಾವತ್ತೂ ಕಂಡಿರಲಿಲ್ಲ.

ಚಿಕ್ಕಪ್ಪ ಜೇಬಿನಿಂದ ವೇಳಾಪಟ್ಟಿ ತೆಗೆದು, "ಹನ್ನೊಂದು ನಲವತ್ತಕ್ಕೆ ಒಂದು ರೈಲಿದೆ" ಎಂದರು. ನನಗೆ ಮೈ ಉರಿದುಹೋಯಿತು. ಚಿಕ್ಕಮ್ಮ ಅವರ ಮಾತನ್ನು ಕಿವಿಗೇ ಹಾಕಿಕೊಳ್ಳದೆ ಸೀದಾ ಕೌಂಟರಿಗೆ ಹೋದಳು. ಭಾಷೆ ಬಾರದಿದ್ದರೇನಂತೆ, ಎಡಗಾಲಿನಿಂದ ಗಾಳಿಯಲ್ಲಿ ಕ್ಲಚ್ ತುಳಿದು, ಬಲಗೈಯಲ್ಲಿ ಒಂದರಿಂದ ಐದರವರೆಗೆ ಗೇರ್ ಹಾಕಿ ತೋರಿಸಿದಳು. ಹುಡುಗಿ ನಕ್ಕು, ಹಿತ್ತಲಿನಿಂದ ಬಂಪರು ತರಚಿದ ಒಂದು ಹಳೆಯ ಪುಟ್ಟ ಕಾರು ತರಿಸಿಕೊಟ್ಟಳು.

ಎಡಗಡೆ ಕೂತು ಬೆಲ್ಟ್ ಹಾಕಿಕೊಂಡ ಚಿಕ್ಕಮ್ಮ, "ಹ್ಞಾ, ಕನ್ನಡಿ ನೋಡಿ, ಇಂಡಿಕೇಟರ್ ಹಾಕಿ, ನಿಧಾನವಾಗಿ ಕ್ಲಚ್ ಬಿಡಿ" ಎಂದಳು. ಕಾರು ಅಲ್ಲಾಡಲಿಲ್ಲ. ಅವಳು ಕಾಯುತ್ತ ಕೂತಳು.

"ಚಿಕ್ಕಮ್ಮಾ, ಬಿಡಬೇಕಾದ್ದು ನೀನೇ!"

"ಅಯ್ಯೋ ನನ್ನ ಮಂಡೆಯೇ!" ಎಂದು ಹಣೆ ಚಚ್ಚಿಕೊಂಡು ಹೊರಟಳು. ಊರೊಳಗೆ ಹೂವು ಎತ್ತಿದಷ್ಟು ಹಗುರವಾಗಿ ಓಡಿಸಿದಳು. ಎರಡು ವೃತ್ತ, ಒಂದು ಸೇತುವೆ, ಎಲ್ಲೂ ತಪ್ಪಲಿಲ್ಲ.

ಪೇಚು ಬಂದದ್ದು ಹೆದ್ದಾರಿಗೆ ಸೇರುವ ಕಡೆ. ಅಲ್ಲಿ ನಿಂತು, ಸಂದು ಸಿಕ್ಕ ಕೂಡಲೇ ನುಗ್ಗಬೇಕು. ಚಿಕ್ಕಮ್ಮ ಹೊರಡುವಳು, ದೂರದಲ್ಲಿ ಲಾರಿ ಕಂಡರೆ ಸಾಕು, ಕಾಲು ತಂತಾನೇ ಬ್ರೇಕ್ ಒತ್ತುವುದು. ಒಂದು ಸಲ, ಎರಡು ಸಲ, ಮೂರನೇ ಸಲಕ್ಕೆ ಇಂಜಿನ್ನೇ ಆಫ್ ಆಯಿತು. ಹಿಂದಿನವರು ಹಾರ್ನ್ ಬಾರಿಸತೊಡಗಿದರು.

"ನಿಲ್ಲಿಸೋದು ಬಿಟ್ಟು ನನ್ನ ಕಾಲು ಬೇರೇನೂ ಕಲಿತೇ ಇಲ್ಲ ಕಣ್ರೀ," ಎಂದಳು. ಗೇರನ್ನು ನ್ಯೂಟ್ರಲ್ಲಿಗೆ ತಂದಳು. "ನೀವು ಹೇಳಿದ್ದೇ ಸರಿ. ವಾಪಸ್ ಕೊಟ್ಟುಬಿಡೋಣ. ರೈಲಿಗೆ ಇನ್ನೂ ಹೊತ್ತಿದೆ."

ನಾನು ಹಿಂದಿನ ಸೀಟಿನಲ್ಲಿದ್ದೆ, ಚಿಕ್ಕಪ್ಪ ಅವಳ ಪಕ್ಕದಲ್ಲಿ. ಚಿಕ್ಕಪ್ಪನ ಬಗ್ಗೆ ಒಂದು ಮಾತು ಹೇಳಬೇಕು: ಚಿಕ್ಕಮ್ಮನ ಕೈಯಲ್ಲಿ ಕಲಿಯಲಾರದೆ ಎರಡೇ ದಿನಕ್ಕೆ ಓಡಿಹೋದ ಏಕೈಕ ಶಿಷ್ಯ ಅವರು. ಕ್ಲಚ್ ಯಾವುದು, ಬ್ರೇಕ್ ಯಾವುದು ಎಂದು ಇವತ್ತಿಗೂ ಗೊತ್ತಿಲ್ಲ. ಅವರು ವೇಳಾಪಟ್ಟಿಯನ್ನು ಮಡಿಸಿ ಜೇಬಿಗೆ ಸೇರಿಸಿದರು. ಗೇರಿನ ಮೇಲಿದ್ದ ಹೆಂಡತಿಯ ಕೈಯ ಮೇಲೆ ತಮ್ಮ ಕೈ ಇಟ್ಟರು.

"ಹೆದರ್ಬೇಡ. ಪಕ್ಕದಲ್ಲಿ ನಾನಿದ್ದೀನಲ್ಲ."

ಚಿಕ್ಕಮ್ಮ ಅವರತ್ತ ತಿರುಗಿ ನೋಡಿದಳು. ಬಂದ ನಗುವನ್ನು ತಡೆಯಲು ನೋಡಿದಳು, ಆಗಲಿಲ್ಲ. ಕಣ್ಣೊರೆಸಿಕೊಂಡು ಇಂಜಿನ್ ಚಾಲೂ ಮಾಡಿದಳು. ಸಂದು ಸಿಕ್ಕಿತು. ಈ ಸಲ ಕಾಲು ಆಕ್ಸಿಲರೇಟರ್ ಮೇಲೇ ಉಳಿಯಿತು. ಎರಡು, ಮೂರು, ನಾಲ್ಕು. ಚಿಕ್ಕಪ್ಪ ಕೈ ತೆಗೆದಿರಲಿಲ್ಲ; ಐದನೆಯದಕ್ಕೆ ಇಬ್ಬರ ಕೈಯೂ ಒಟ್ಟಿಗೇ ಮೇಲೆ ಹೋಯಿತು. ಇಂಜಿನ್ನಿನ ಕೂಗಾಟ ತಣ್ಣಗಾಗಿ, ಮುಂದೆ ರಸ್ತೆ ಖಾಲಿ ಬಿದ್ದಿತ್ತು.

ಹಲವು ಮೈಲಿ ಹಿಂದೆ ಸರಿದವು. ಆಮೇಲೆ ಚಿಕ್ಕಮ್ಮ ರಸ್ತೆಯಿಂದ ಕಣ್ಣು ತೆಗೆಯದೆ ಕೇಳಿದಳು, "ಹನ್ನೊಂದು ನಲವತ್ತರ ರೈಲು ಹೋಗಿರುತ್ತೆ, ಅಲ್ವೇನ್ರೀ?"

ಚಿಕ್ಕಪ್ಪ ಬಲಗಾಲಿನಿಂದ ಕಾರಿನ ನೆಲವನ್ನು ಗಟ್ಟಿಯಾಗಿ ಒತ್ತಿ ಹಿಡಿದಿದ್ದರು.

"ಹೋಗಲಿ ಬಿಡು," ಎಂದರು.